ಮೂರನೇ ಮಡಿಕೆ

ಹೊನ್ನೂರಕ್ಕನ ಕಾಗದದ ಮಾತನ್ನು ಈಗ ಆಡಬಹುದು. ಅವಳನ್ನು ಮಣ್ಣು ಮಾಡಿ ಬಂದಾಗಿದೆ, ಅಲ್ಲಿ ನಿಂತವರೆಲ್ಲ ಕೇಳಿದ್ದೂ ಆಗಿದೆ. ಅದಕ್ಕೆ ಮುಂಚೆ ನಾನು ಬಾಯಿ ಬಿಟ್ಟಿದ್ದರೆ ನಮ್ಮೂರಲ್ಲಿ ನನ್ನ ಗಿರಣಿಗೆ ಒಬ್ಬರೂ ಒಂದು ಸೇರು ರಾಗಿ ತರುತ್ತಿರಲಿಲ್ಲ. ಗಿರಣಿ ಮರುಳಪ್ಪನಿಗೆ ಮಾತು ಜಾಸ್ತಿ ಅಂತ ಊರೆಲ್ಲ ಹೇಳುತ್ತದೆ, ನಿಜ. ಕಲ್ಲು ತಿರುಗುವ ಸದ್ದಿನ ಮೇಲೆ ವರ್ಷಗಟ್ಟಲೆ ಕೂಗಿ ಕೂಗಿ ಮಾತಾಡಿದ ಬಾಯಿ ಸುಮ್ಮನೆ ಹೇಗೆ ಇದ್ದೀತು? ಆದರೆ ಮಡಿಕೆಯ ವಿಷಯ ಬಂದರೆ ನಾನು ಗೋಡೆ. ನನ್ನೊಳಗೆ ಯಾರ ಯಾರ ಮಾತು ಎಷ್ಟೆಷ್ಟಿದೆ ಅಂತ ನನ್ನ ಹೆಂಡತಿ ಸಿದ್ದಮ್ಮನಿಗೂ ಗೊತ್ತಿಲ್ಲ. ಅವಳೊಳಗೆ ಇರುವುದು ನನಗೂ ಗೊತ್ತಿಲ್ಲ.

ನಮ್ಮೂರಿನವರಿಗೆ ಯಾರು ಎಲ್ಲಿಂದ ಬರೆದ ಕಾಗದವಾದರೂ ಒಂದೇ ಓದಿಗೆ ಮುಗಿಯುತ್ತದೆ. ಕಣ್ಣು ಮುಂದೆ ಹೋದ ಹಾಗೆ ಹಿಂದೆಯೇ ಅಕ್ಷರವೂ ಹೋಗುತ್ತದೆ. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಕೈಯಲ್ಲಿ ಬರೀ ಹಾಳೆ. ನಕಲು ಮಾಡಿದರೆ ನಕಲೂ ಹಾಗೆಯೇ. ಊರಾಚೆ ಒಯ್ದು ಓದಿದರೂ ಅಷ್ಟೇ. ಅಂಗಡಿ ಲೆಕ್ಕ, ಪಂಚಾಂಗ, ಮಕ್ಕಳ ಪಾಠದ ಪುಸ್ತಕ ಎಲ್ಲ ಇದ್ದಲ್ಲೇ ಇರುತ್ತವೆ. ಗೋಣಿಚೀಲದ ಮೇಲಿನ ಬರಹವೂ ಇರುತ್ತದೆ. ನಾನು ಓದು ಕಲಿತಿದ್ದೇ ಅದನ್ನು ನೋಡಿ. ಮೊದಲು ಕಲಿತ ಅಕ್ಷರಗಳು ಗೋಧಿ ಮಂಡಿಯವರ ಹೆಸರಿನವು. ಕಲಿಯದೆ ಇರುವ ಹಾಗಿರಲಿಲ್ಲ. ಓದು ಬಾರದವನಿಗೆ ಯಾರೂ ಮಡಿಕೆ ಕೊಡುವುದಿಲ್ಲ, ಮಡಿಕೆ ಇಲ್ಲದವನು ನಮ್ಮೂರಲ್ಲಿ ಯಾರಿಗೂ ಏನೂ ಆಗಬೇಕಾದವನಲ್ಲ.

ಮಡಿಕೆ ಅಂದರೆ ಇಷ್ಟು. ಮನಸ್ಸಿಗೆ ಹತ್ತುವಂಥ ಕಾಗದ ಬಂದರೆ, ಬಂದವರು ಅದನ್ನು ಬಿಚ್ಚುವುದಿಲ್ಲ. ತಮಗೆ ನಂಬಿಕೆಯ ನಾಕಾರು ಜನರನ್ನು ಮನೆಗೆ ಕರೆದು, ಒಬ್ಬೊಬ್ಬರ ಕೈಯಲ್ಲೂ ಒಂದು ಅಡಿಕೆ ಇಟ್ಟು, ತಾವು ಹೊರಗೆ ಜಗಲಿಯ ಮೇಲೆ ಹೋಗಿ ಕೂರುತ್ತಾರೆ. ಒಳಗೆ ಹಿರಿಯರು ಬರಹ ಕೆಳಮುಖ ಮಾಡಿ ಹಾಳೆಯನ್ನು ಮಂದಿ ಎಷ್ಟೋ ಅಷ್ಟು ಮಡಿಕೆ ಮಾಡುತ್ತಾರೆ. ಒಬ್ಬೊಬ್ಬರು ಒಂದೊಂದು ಮಡಿಕೆ ಬಿಚ್ಚಿ, ತುಟಿ ಅಲ್ಲಾಡಿಸದೆ ಓದಿ, ಮುಂದಿನವರಿಗೆ ದಾಟಿಸುತ್ತಾರೆ. ಆಮೇಲೆ ಕಾಗದ ಬಂದವರು ತಮಗೆ ಧೈರ್ಯ ಬಂದಾಗ, ಇವತ್ತೋ ಬರುವ ವರ್ಷವೋ, ಮನೆಮನೆಗೆ ಹೋಗಿ ವರಸೆಯಂತೆ ಕೇಳಿಕೊಳ್ಳುತ್ತಾರೆ. ಎಷ್ಟು ಸಲ ಕೇಳಿದರೂ ಹೇಳಬೇಕು. ಒಂದು ಮಾತು ಸೇರಿಸಬಾರದು, ಬಿಡಬಾರದು, ಬೇರೆ ಯಾರ ಹತ್ತಿರವೂ ಆಡಬಾರದು. ಕಾಗದ ಬಂದವರು ತೀರಿಕೊಂಡ ದಿನ ಮಣ್ಣಿನ ಹತ್ತಿರ ನಿಂತು ಎಲ್ಲರೂ ತಮ್ಮ ತಮ್ಮ ಮಡಿಕೆ ಹೇಳಿ ಬಿಡುತ್ತಾರೆ. ಅವತ್ತು ಮಾತ್ರ ಆ ಕಾಗದ ಇಡಿಯಾಗಿ ಊರಿಗೆ ಕೇಳುತ್ತದೆ.

ತಾವೇ ಓದಿಕೊಂಡರೆ ಏನು ಅಂತ ಯಾರಾದರೂ ಕೇಳಬಹುದು. ಬಳೆಗಾರ ಸಣ್ಣಪ್ಪ ಹಾಗೆ ಮಾಡಿದ. ತವರಿಗೆ ಹೋಗಿ ಕೂತಿದ್ದ ಹೆಂಡತಿ ಬರೆದಿದ್ದನ್ನು ಒಬ್ಬನೇ ಬಾಗಿಲು ಹಾಕಿಕೊಂಡು ಓದಿದ. ಮೊದಲು ನಮಗೆ ಹೇಳಿದ್ದು, "ಬರಬೇಡ ಅಂತ ಬರೆದವ್ಳೆ" ಅಂತ. ಸುಗ್ಗಿ ಹೊತ್ತಿಗೆ ಅದು "ಸಿಟ್ಟು ಇಳಿದ ಮೇಲೆ ಬಾ" ಅಂತ ಆಗಿತ್ತು. ಬೇಸಿಗೆಗೆ "ಇನ್ನೂ ಯಾಕೆ ಬಂದಿಲ್ಲ" ಅಂತ ಆಯಿತು. ಅವನು ಒಂದು ಬುಟ್ಟಿ ಹಸಿರು ಬಳೆ ಹೊತ್ತುಕೊಂಡು ಹೋದ, ಅದೇ ಬುಟ್ಟಿ ಹೊತ್ತುಕೊಂಡು ಬಂದ. ಯಾರೂ ನಗಲಿಲ್ಲ. ಕಾಗದ ಬಂದವರ ಬಾಯಲ್ಲಿ ಮಾತು ಹುಳಿಯುತ್ತದೆ. ಅದಕ್ಕೇ ಪರರ ಬಾಯಲ್ಲಿ ಇಡುವುದು.

ಹೊನ್ನೂರಕ್ಕ ನಮ್ಮ ಬೀದಿಯ ಕೊನೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದಳು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ. ಚಿಕ್ಕ ತಮ್ಮ ಓಬಳೇಶನನ್ನು ಕಂಕುಳಲ್ಲಿ ಎತ್ತಿಕೊಂಡೇ ಮರಳಲ್ಲಿ ಮಂಡಕ್ಕಿ ಹುರಿದವಳು. ಅವನು ದೊಡ್ಡವನಾಗಿ ಸುಣ್ಣದ ಗೂಡಿನ ಕೆಲಸಕ್ಕೆ ಅಂತ ಹೊರಗೆ ಹೋದ. ಆಮೇಲೆ ಅವರ ತಾಯಿ ಹಾಸಿಗೆ ಹಿಡಿದಳು. ಉಚ್ಚೆ ಬಾಚುವವಳು ಮಗಳು, ಗಂಜಿ ಕುಡಿಸುವವಳು ಮಗಳು, ಆ ಮುದುಕಿ ಮಾತ್ರ ಹಗಲೂ ರಾತ್ರಿ "ಓಬಳೇಶಾ, ಓಬಳೇಶಾ" ಅಂತಲೇ ಕೂಗುತ್ತಿದ್ದಳು. ಒಂದು ಸಲವಾದರೂ ಹೊನ್ನೂರಿ ಅನ್ನಲಿಲ್ಲ. ಹೊನ್ನೂರಕ್ಕನಿಗೆ ಎಲ್ಲಿ ಉರಿಯಿತೋ, ತಮ್ಮನಿಗೆ ಹೇಳಿ ಕಳಿಸುವುದನ್ನು ತಡ ಮಾಡಿದಳು. ಇವತ್ತು ಬೇಡ, ನಾಳೆ. ಅವನು ಬಂದಾಗ ತಾಯಿಯ ಮಣ್ಣಾಗಿತ್ತು. ಬಾಗಿಲಿಗೆ ಬಂದು ನಿಂತವನಿಗೆ ಇವಳು ಚೊಂಬಿನಲ್ಲಿ ನೀರು ತಂದು ಹಿಡಿದಳು. ಅವನು ಚೊಂಬು ನೋಡಿದ, ಅಕ್ಕನ ಮುಖ ನೋಡಿದ, ಮುಟ್ಟದೆ ತಿರುಗಿ ಹೋದ. ಅವತ್ತಿನಿಂದ ಅವಳು ಯಾರನ್ನೂ "ತಮ್ಮಾ" ಅಂತ ಕರೆಯಲಿಲ್ಲ. ನನ್ನನ್ನೂ "ಏ ಗಿರಣಿ" ಅಂತಲೇ ಕರೆಯುತ್ತಿದ್ದಳು.

ಅವಳು ಅವನಿಗೆ ಬರೆದ ಕಾಗದಗಳಿಗೆ ಲೆಕ್ಕ ಇಲ್ಲ. ಉತ್ತರ ಬಂದಿದ್ದು ಒಂದೇ. ಅದು ಬಂದ ದಿನ ಅವಳು ಭಟ್ಟಿಯ ಬೆಂಕಿ ಆರಿಸಿ, ಮೈಮೇಲಿನ ಹೊಟ್ಟು ಕೊಡವಿಕೊಂಡು, ಅಡಿಕೆ ಹಿಡಿದು ಹೊರಟಳು. ಕರೆದಿದ್ದು ನಾಲ್ಕು ಜನರನ್ನು. ಮೊದಲು ನನ್ನನ್ನು. ಎರಡನೆಯವರು ಸೈಕಲ್ ಶಾಪಿನ ಬಡೇಸಾಬರು. ನಾಲ್ಕನೆಯವಳು ಅವಳ ಗೋಡೆಯ ಪಕ್ಕದ ರುದ್ರಾಣಮ್ಮ. ಅವರಿಬ್ಬರಿಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಭಟ್ಟಿಯ ಹೊಗೆ ರುದ್ರಾಣಮ್ಮ ಒಣಹಾಕಿದ ಬಟ್ಟೆಗೆ ಹಿಡಿಯುತ್ತದೆ ಅಂತ ಜಗಳ. "ಜಗಳದವಳಿಗೆ ಮಡಿಕೆ ಕೊಡ್ತಿಯಲ್ಲೇ" ಅಂತ ಸಿದ್ದಮ್ಮ ಕೇಳಿದ್ದಕ್ಕೆ, "ಅವಳು ನನ್ನ ಸಮಾಧಾನಕ್ಕೆ ಅಂತ ಒಂದು ಮಾತು ತಿದ್ದೋಳಲ್ಲ, ಅದಕ್ಕೇ" ಅಂದಳು ಹೊನ್ನೂರಕ್ಕ.

ಮೂರನೇ ಅಡಿಕೆ ನನ್ನ ಸೊಸೆ ದಾಕ್ಷಾಯಿಣಿಗೆ. ನನ್ನ ಮಗ ಕೊಟ್ರೇಶನ ಕೈ ಹಿಡಿದು ಅವಳು ನಮ್ಮೂರಿಗೆ ಬಂದು ಇನ್ನೂ ಅರಿಸಿನ ಮಾಸಿರಲಿಲ್ಲ. ಹೊನ್ನೂರಕ್ಕ ಅವಳ ಗಲ್ಲ ಹಿಡಿದು, "ಓದಿದ ಹುಡುಗಿ, ಬೇರೆ ಊರಿಂದ ಬಂದವ್ಳೆ. ಒಂದು ಮಡಿಕೆ ಹೊತ್ತರೆ ನಮ್ಮೋಳಾಗ್ತಾಳೆ" ಅಂದಳು. ನಮಗೆಲ್ಲ ಎದೆ ಉಬ್ಬಿತು. ದಾಕ್ಷಿ ತಲೆ ಬಗ್ಗಿಸಿ ಅಡಿಕೆ ತೆಗೆದುಕೊಂಡಳು. ತೆಗೆದುಕೊಂಡು ಬಾಯಿಗೆ ಹಾಕಿ ಕಟುಂ ಅಂತ ಕಡಿದಳು.

ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮಡಿಕೆಯ ಅಡಿಕೆಯನ್ನು ಯಾರು ತಿಂತಾರೆ? ಅದನ್ನು ಡಬ್ಬಿಯಲ್ಲಿ ಇಡುವುದು. ಮನೆಯಲ್ಲಿ ಎಷ್ಟು ಅಡಿಕೆಯೋ ಒಳಗೆ ಅಷ್ಟು ಮಡಿಕೆ. "ಅತ್ತೆ ಹೊಟ್ಟೆಗೆ ಹಾಕಲ್ಲ ಅಂತ ಕಾಣುತ್ತಮ್ಮ!" ಅಂದು ರುದ್ರಾಣಮ್ಮನೂ ನಕ್ಕಳು. ಸಿದ್ದಮ್ಮ ಮುಖ ಕೆಂಪಗೆ ಮಾಡಿಕೊಂಡು ಇನ್ನೊಂದು ಅಡಿಕೆ ತಂದು ಸೊಸೆಯ ಸೆರಗಿಗೆ ಕಟ್ಟಿದಳು. ಅಷ್ಟೇ. ಈ ಹುಡುಗಿಗೆ ಮಡಿಕೆ ಅಂದರೆ ಏನು ಅಂತ ಗೊತ್ತಿಲ್ಲ ಅನ್ನುವುದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ತುತ್ತು ಕೊಟ್ಟ ಮೇಲೆ ನುಂಗು ಅಂತ ಯಾರಾದರೂ ಹೇಳಿಕೊಡುತ್ತಾರೆಯೇ?

ಹೊನ್ನೂರಕ್ಕ ಜಗಲಿಗೆ ಹೋದಳು, ನಾವು ನಾಲ್ವರು ಅವಳ ಮನೆಯೊಳಗೆ ಕೂತೆವು. ನನ್ನ ಮಡಿಕೆ ಓದಿ ಬಡೇಸಾಬರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ, ಕಣ್ಣು ಮುಚ್ಚಿ ಒಂದು ಗಳಿಗೆ ಕೂತು, ದಾಕ್ಷಿಗೆ ಕೊಟ್ಟರು. ಅವಳು ಬಿಚ್ಚಿದವಳೇ ಬಿಳುಚಿಕೊಂಡಳು. ಏನೋ ದುಃಖದ ಮಾತು ಇರಬೇಕು ಪಾಪ ಅಂದುಕೊಂಡೆ. ಅವಳು ಬೇಗ ಬೇಗ ಮಡಚಿ ರುದ್ರಾಣಮ್ಮನ ಕೈಗೆ ಹಾಕಿ ಗೋಡೆಗೆ ಒರಗಿ ಕೂತಳು. ಮಡಿಕೆಯ ಬಗ್ಗೆ ಮನೆಯಲ್ಲಿ ಯಾರೂ ಯಾರನ್ನೂ ಕೇಳಬಾರದು. ನಾವೂ ಕೇಳಲಿಲ್ಲ.

ಹೊನ್ನೂರಕ್ಕ ಮಾರನೆಯ ದಿನವೇ ಗಿರಣಿಗೆ ಬಂದಳು. ನಾನು ಪಟ್ಟಾ ಜಾರಿಸಿ ಕಲ್ಲು ನಿಲ್ಲಿಸಿದೆ. "ಏ ಮರುಳಣ್ಣ, ನಮ್ಮ ಜೋಳ ಅರ್ಧ ಒಳಗೆ ಅರ್ಧ ಹೊರಗೆ!" ಅಂತ ಕೂಗಿದವರು ಅವಳನ್ನು ನೋಡಿ ಸುಮ್ಮನೆ ಎದ್ದು ಹೊರಗೆ ಹೋದರು. ಹಿಟ್ಟಿನ ದೂಳು ಇಳಿಯುವ ತನಕ ಕಾದು ನಾನು ಹೇಳಿದೆ: "ಅಕ್ಕಾ, ಓಬಳೇಶ ಬರೆಯೋದು. ಕೈ ನಡುಗ್ತದೆ, ಅಕ್ಷರ ಸೊಟ್ಟ ಆದ್ರೆ ಬೈಕೋಬೇಡ. ನೀನು ಬರೆದಿದ್ದು ಎಲ್ಲಾ ಮುಟ್ಟಿದಾವೆ. ಒಂದನ್ನೂ ಹರೀಲಿಲ್ಲ. ಉತ್ತರ ಬರೀಬೇಕು ಅಂತ ಕೂತಾಗೆಲ್ಲ ನೀನು ಚೊಂಬು ಹಿಡಕೊಂಡು ಬಾಗಿಲಲ್ಲಿ ನಿಂತಿದ್ದೇ ಕಣ್ಣಿಗೆ ಬರೋದು, ಎದ್ದು ಹೋಗ್ತಿದ್ದೆ. ಆವತ್ತು ನಂಗೆ ತುಂಬಾ ಬಾಯಾರಿತ್ತು ಅಕ್ಕಾ."

ಅವಳು ಹಿಟ್ಟಿನ ಡಬ್ಬದ ಅಂಚು ಹಿಡಿದುಕೊಂಡಳು. "ಇನ್ನೊಂದ್ಸಲ ಹೇಳು ಗಿರಣಿ." ಹೇಳಿದೆ. "ಬಾಯಾರಿತ್ತು ಅಂದವ್ನಾ?" "ತುಂಬಾ ಬಾಯಾರಿತ್ತು ಅಂದವ್ನೆ." ಅವಳು ಎದ್ದು ಹೋದಳು. ಅಲ್ಲಿಂದ ಎಷ್ಟು ಸಲ ಬಂದಳೋ, ಪ್ರತಿ ಸಲವೂ ಕೊನೆಯ ಮಾತಿಗೆ ಅದೇ ಪ್ರಶ್ನೆ, ಅದೇ ಉತ್ತರ.

ಎರಡನೆಯದನ್ನು ಬಡೇಸಾಬರ ಹತ್ತಿರ ಕೇಳಿಕೊಂಡಳು. ಆಮೇಲೆ ನಿಂತುಬಿಟ್ಟಳು. ದಸರೆ ಹೋಯಿತು, ದೀಪಾವಳಿ ಹೋಯಿತು, ನಮ್ಮ ಮನೆಯ ಮುಂದೆಯೇ ಮಂಡಕ್ಕಿ ಚೀಲ ಹೊತ್ತು ಓಡಾಡುತ್ತಾಳೆ, ದಾಕ್ಷಿಯನ್ನು ನೋಡಿ ನಗುತ್ತಾಳೆ, ಒಳಗೆ ಮಾತ್ರ ಬರುವುದಿಲ್ಲ. ಒಂದು ಸಂಜೆ ತಾನೇ ಹೇಳಿದಳು: "ಸಿಟ್ಟು ಹಳೇದಾಗೈತೆ, ಪೂರಾ ಹೋಗಿಲ್ಲ, ಸುಳ್ಳು ಯಾಕೆ ಹೇಳ್ಲಿ ಅಂದವ್ನಂತೆ. ಅದು ಹೋಗಬೇಕಂದ್ರೆ ನೀನು ಒಂದು ಮಾಡಬೇಕಕ್ಕಾ, ಏನಂದ್ರೆ, ಅಂತ ಬರೆದವ್ನೆ. ಅಲ್ಲಿಗೆ ಸಾಬರ ಮಡಿಕೆ ಮುಗೀತು. ಏನು ಅನ್ನೋದು ನಿನ್ನ ಸೊಸೆ ಹತ್ರ ಐತೆ."

"ಹೋಗಿ ಕೇಳು ಮತ್ತೆ. ಅಡಿಗೆಮನೇಲಿ ಅವ್ಳೆ."

"ಭಯ ಆಗ್ತದೆ ಗಿರಣಿ. ನನ್ನ ಕೈಲಿ ಆಗದ್ದು ಕೇಳಿದ್ರೆ? ಕೇಳಿಸ್ಕೊಂಡ ಮೇಲೆ ಆಗಲ್ಲ ಅನ್ನೋಕಾಗ್ತದಾ? ಒಂದೆರಡು ದಿನ ಹೋಗ್ಲಿ."

ಆ ಒಂದೆರಡು ದಿನದಲ್ಲೇ ಸುಣ್ಣದ ಲಾರಿಯ ಡ್ರೈವರ್ ಬಂದ. ಗೂಡಿನಲ್ಲಿ ಕೆಲಸ ಮಾಡುತ್ತಿದ್ದ ಓಬಳೇಶ ಕೆಮ್ಮಿ ಕೆಮ್ಮಿ ತೀರಿಕೊಂಡ, ಅಲ್ಲೇ ಮಣ್ಣು ಮಾಡಿದೆವು ಅಂತ ಭಟ್ಟಿಯ ಮುಂದೆ ನಿಂತು ಹೇಳಿದ. ಏನಾದರೂ ಹೇಳಿ ಕಳಿಸಿದ್ದನಾ ಅಂತ ಕೇಳಿದರೆ, ಅವನಿಗೆ ಏನೂ ಗೊತ್ತಿಲ್ಲ. ಹೊನ್ನೂರಕ್ಕ ಅಳಲಿಲ್ಲ. ಜರಡಿ ಕೈಯಲ್ಲೇ ಇತ್ತು. "ಆಗಲೂ ತಡ ಮಾಡಿದೆ. ಈಗಲೂ ತಡ ಮಾಡಿದೆ" ಅಂದಳು. ಜರಡಿ ಕೆಳಗಿಟ್ಟು ನೆಟ್ಟಗೆ ನಮ್ಮ ಮನೆಗೆ ಬಂದಳು. ಡ್ರೈವರನ ಹಿಂದೆ ಬಂದಿದ್ದ ನಾವೆಲ್ಲ ಅವಳ ಹಿಂದೆ ಬಂದೆವು.

ದಾಕ್ಷಿ ರೊಟ್ಟಿ ತಟ್ಟುತ್ತಿದ್ದಳು. ನಾವು ಬಾಗಿಲಾಚೆ ಹೋಗಬೇಕು ಅನ್ನುವಷ್ಟರಲ್ಲಿ ಹೊನ್ನೂರಕ್ಕ ಕೇಳಿಯೇಬಿಟ್ಟಿದ್ದಳು: "ಕೊಡವ್ವಾ ನನ್ನ ಮಡಿಕೆ."

"ಯಾವುದು ಅಜ್ಜಿ?"

"ನನ್ನ ತಮ್ಮನ ಕಾಗದದ್ದು. ನೀನು ಹೊತ್ತಿರೋದು."

ಹುಡುಗಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಅವಳ ಮುಖ ನೋಡಿದ ಕೂಡಲೇ ನನಗೆ ಆ ಕಟುಂ ಅಂದ ಸದ್ದು ನೆನಪಾಯಿತು. "ನಾನು ಹೊರಬೇಕಿತ್ತಾ?" ಅಂದಳು. "ನಾನು ಓದೋಕೆ ಶುರು ಮಾಡಿದೆ, ಅಕ್ಷರ ಅಳಿಸಿಹೋಗ್ತಾ ಇತ್ತು. ನನ್ನ ಕೈಯಿಂದ ಏನೋ ಆಯ್ತು ಅಂತ ಹೆದರಿಕೊಂಡೆ. ನಿಲ್ಲಲಿ ನಿಲ್ಲಲಿ ಅಂತ ಅಕ್ಷರಾನೇ ನೋಡ್ತಿದ್ದೆ. ಏನು ಬರೆದಿತ್ತು ಅಂತ..." ಅವಳು ನನ್ನ ಕಡೆ ತಿರುಗಿದಳು. "ಮಾವಾ, ನಂಗೆ ಯಾರೂ ಹೇಳ್ಲಿಲ್ಲ."

ಸಿದ್ದಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಿಮ್ಮೂರಲ್ಲಿ ಕಾಗದ ಓದಿದ ಮೇಲೆ ಏನಾಗ್ತದೆ ಹಂಗಾದ್ರೆ?"

"ಏನೂ ಆಗಲ್ಲ ಅತ್ತೆ. ಹಂಗೇ ಇರುತ್ತೆ."

"ಓದಿದ ಮೇಲೂ? ಇಟ್ಕೊಂಡು ಏನ್ ಮಾಡ್ತಾರೆ?"

"ಟ್ರಂಕಲ್ಲಿ ಇಡ್ತಾರೆ."

"ಮತ್ತೆ ಯಾರು ಹೇಳ್ತಾರೆ ಅದನ್ನ?"

"ಯಾರೂ ಇಲ್ಲ" ಅಂದಳು ದಾಕ್ಷಿ, ಅಳುತ್ತಾ.

ಹೊನ್ನೂರಕ್ಕ ಬೈದಿದ್ದರೆ ಚೆನ್ನಾಗಿತ್ತು. ಅವಳು ಒಲೆಯ ಮುಂದೆ ಕೂತು, ಹೊತ್ತಿಹೋಗುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿ, "ನಿಧಾನವಾಗಿ ನೆನಪು ಮಾಡ್ಕೋ ತಾಯಿ. ನಾನು ನಾಳೆ ಬರ್ತೀನಿ" ಅಂದಳು. ನಾಳೆ ಬಂದಳು. ನಾಡಿದ್ದೂ ಬಂದಳು. ಭಟ್ಟಿ ಆರಿದ ಮೇಲೆ ಬಂದು ದಾಕ್ಷಿಯ ಎದುರು ಕೂರುವುದು, ಇವಳು ಕಣ್ಣು ಮುಚ್ಚಿ ಕೂರುವುದು. ಒಂದು ಅಕ್ಷರ ಬಂದರೆ ತಾನೆ. "ನಮ್ಮ ಹಿತ್ತಲ ಬೇವು ಅಂತ ಏನಾದ್ರೂ ಇತ್ತಾ?" "ಗೊತ್ತಿಲ್ಲ ಅಜ್ಜಿ." "ಅವ್ವನ ಹೆಸರು ಇತ್ತಾ?" "ಇತ್ತು ಅಂದ್ರೆ ಸುಳ್ಳಾಗುತ್ತೆ, ಇಲ್ಲ ಅಂದ್ರೂ ಸುಳ್ಳಾಗುತ್ತೆ." ಹುಡುಗಿ ಊಟ ಬಿಟ್ಟಳು. ಬಾವಿಯ ಹತ್ತಿರ ಹೆಂಗಸರು ಅವಳಿಗೆ ಜಾಗ ಬಿಟ್ಟು ದೂರ ನಿಲ್ಲತೊಡಗಿದರು. ಕೊಟ್ರೇಶ ಒಂದು ದಿನ, "ತವರಿಗೆ ಹೋಗಿ ಸ್ವಲ್ಪ ದಿನ ಇದ್ದು ಬಾ" ಅಂದ. "ಹೋದರೆ ನೆನಪಾದಾಗ ಯಾರಿಗೆ ಹೇಳಲಿ?" ಅಂದಳು.

ಆಗ ಒಂದು ಬೆಳಿಗ್ಗೆ ರುದ್ರಾಣಮ್ಮ ಭಟ್ಟಿಯ ಮುಂದೆ ಹೋಗಿ ನಿಂತಳು. ಮಾತು ಬಿಟ್ಟವಳು, ಅತ್ತ ಮುಖ ಮಾಡಿಕೊಂಡೇ ಶುರು ಮಾಡಿದಳು: "ಯಾರಿಗೋ ಹೇಳಬೇಕಾಗಿದ್ದು ನನ್ನ ಬಾಯಲ್ಲಿ ಕೊಳೀತಾ ಐತೆ. ನಂಗೂ ವಯಸ್ಸಾಯ್ತು. ಇಟ್ಕೊಂಡು ಸಾಯೋಕೆ ನನ್ನ ಕೈಲಾಗಲ್ಲ."

"ಮೂರನೇದು ಕೇಳದೆ ನಾಲ್ಕನೇದು ಹೆಂಗೆ ಕೇಳ್ಲಿ?" ಅಂದಳು ಹೊನ್ನೂರಕ್ಕ, ಅವಳೂ ಬೆಂಕಿಗೆ ಹೇಳುವ ಹಾಗೆ.

"ಮೂರನೇದು ಬರಲ್ಲ ಕಣೇ. ಹೋಯ್ತು ಅದು."

ಇಬ್ಬರೂ ಒಳಗೆ ಹೋದರು. ಹೊರಗೆ ಬಂದಾಗ ಹೊನ್ನೂರಕ್ಕನ ಮುಖ ಬೂದಿಯಾಗಿತ್ತು. ನನಗೆ ಅವಳು ಹೇಳಿದ್ದು ಒಂದೇ ಮಾತು: "ಅಷ್ಟು ಮಾಡಿದ್ರೆ ಸಾಕು ಅಂದವ್ನೆ ಗಿರಣಿ. ಎಷ್ಟು ಅಂತಲೇ ಗೊತ್ತಿಲ್ಲವಲ್ಲೋ!"

ಮಾರನೆಯ ದಿನದಿಂದ ಅವಳು ಮಾಡಲು ಶುರು ಮಾಡಿದಳು. ಏನು ಅಂತ ಗೊತ್ತಿಲ್ಲದ ಮೇಲೆ ಎಲ್ಲವನ್ನೂ ಮಾಡುವುದು. ಗಿರಣಿಗೆ ಬಂದವರನ್ನು, ಸಂತೆಯಲ್ಲಿ ಸಿಕ್ಕಿದವರನ್ನು ಹಿಡಿದು ಕೇಳುತ್ತಿದ್ದಳು: "ನೀನು ಅವನ ಜಾಗದಲ್ಲಿದ್ರೆ ಅಕ್ಕನ್ನ ಏನು ಕೇಳ್ತಿದ್ದೆ?" ಜನ ತಮ್ಮ ತಮ್ಮ ಹೊಟ್ಟೆಯ ಸಂಕಟವನ್ನೇ ಹೇಳಿದರು. ಬಡೇಸಾಬರು ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿ, "ತಾಯಿ ಮಣ್ಣಿನ ಮೇಲೆ ಒಂದು ಗಿಡ ನೆಡು ಅಂತಿದ್ದೆ ಬೆಹೆನ್" ಅಂದರು. ನೆಟ್ಟಳು, ದಿನಾ ನೀರು ಹೊತ್ತಳು. ಬಳೆಗಾರ ಸಣ್ಣಪ್ಪ, "ಬಾ ಅಂತ ಕರಿ ಅಂತಿದ್ದೆ" ಅಂದ. ಅವಳು ಲಾರಿ ಹತ್ತಿ ಗೂಡಿನ ಊರಿಗೆ ಹೋಗಿ, ಅವನನ್ನು ಮಣ್ಣು ಮಾಡಿದ ಜಾಗದಲ್ಲಿ ನಿಂತು ಕರೆದು ಬಂದಳು. ಯಾರೋ, "ಬೇಕಂತಲೇ ತಡ ಮಾಡಿದೆ ಅಂತ ನಾಲ್ಕು ಜನದ ಮುಂದೆ ಒಪ್ಪಿಕೋ ಅಂತಿದ್ದೆ" ಅಂದರು. ಅವಳು ಸಂತೆಯ ನಡುವೆ ಮಂಡಕ್ಕಿ ಚೀಲ ಇಳಿಸಿ ಗಟ್ಟಿಯಾಗಿ ಹೇಳಿದಳು. ಜನ ಸೊಪ್ಪಿನ ಚೌಕಾಸಿ ನಿಲ್ಲಿಸಿ ಕೇಳಿಸಿಕೊಂಡರು, ಮತ್ತೆ ಚೌಕಾಸಿಗೆ ಹೋದರು. ಸದಾ ಕುಡಿದಿರುವ ಹಾಲಪ್ಪ, "ನಾನಾದ್ರೆ ಒಂದು ನಾಟಿ ಕೋಳಿ ಸಾರು ಮಾಡಿ ಹಾಕು ಅಂತಿದ್ದೆ" ಅಂತ ತಮಾಷೆ ಮಾಡಿದ. ಅವಳು ನಿಜಕ್ಕೂ ಕೋಳಿ ಕೊಯ್ಯಿಸಿ, ಸಾರು ಮಾಡಿ, ಅವನನ್ನು ಕರೆದು ಮಣೆ ಹಾಕಿ ಬಡಿಸಿದಳು. ಎದುರು ಕೂತು, ಇವನು ಬಾಯಿಗಿಡುವುದನ್ನೇ ನೋಡುತ್ತಿದ್ದಳು. ಹಾಲಪ್ಪನಿಗೆ ಎರಡನೇ ತುತ್ತು ಇಳಿಯಲಿಲ್ಲ. ಕೈ ತೊಳೆದುಕೊಂಡು ಗಿರಣಿಗೆ ಬಂದು, "ಇನ್ಮೇಲೆ ನನ್ನ ಬಾಯಿಗೆ ಹೊಲಿಗೆ ಹಾಕಿಬಿಡು ಮರುಳಣ್ಣ" ಅಂದ.

ದಾಕ್ಷಿ ಎಲ್ಲದಕ್ಕೂ ಅವಳ ಜೊತೆ. ಗಿಡಕ್ಕೆ ಎರಡನೇ ಕೊಡ ಹೊರುವವಳು ಅವಳು. ಲಾರಿಯಲ್ಲೂ ಪಕ್ಕದಲ್ಲಿ ಕೂತು ಹೋದಳು. ಹೊನ್ನೂರಕ್ಕ ಬಾಗಿಲಲ್ಲಿ ಗುಡಾಣ ಇಟ್ಟು ಹೋಗಿ ಬರುವವರಿಗೆಲ್ಲ ಚೊಂಬಿನಲ್ಲಿ ನೀರು ಕೊಡಲು ಶುರು ಮಾಡಿದಾಗ ಗುಡಾಣ ತುಂಬಿಸುವವಳೂ ಇವಳೇ. ಭಟ್ಟಿಯನ್ನು ರುದ್ರಾಣಮ್ಮನ ಗೋಡೆಯಿಂದ ಎತ್ತಿ ಆಚೆ ಬಯಲಿಗೆ ಹಾಕಿದಾಗ ಇಟ್ಟಿಗೆ ಹೊತ್ತಳು. ಒಂದೊಂದು ಮುಗಿದಾಗಲೂ ಹೊನ್ನೂರಕ್ಕ ಇವಳ ಮುಖ ನೋಡುತ್ತಿದ್ದಳು. "ಇದಾ?" ದಾಕ್ಷಿ ಕಣ್ಣು ಮುಚ್ಚಿ ನೋಡಿ, ತಲೆ ಅಲ್ಲಾಡಿಸುತ್ತಿದ್ದಳು. ಗೊತ್ತಾಗ್ತಿಲ್ಲ. ಇಷ್ಟರ ನಡುವೆ ಹೊನ್ನೂರಕ್ಕ ಒಂದು ವಿಚಿತ್ರ ಅಭ್ಯಾಸ ಹಚ್ಚಿಕೊಂಡಿದ್ದಳು. ಭಟ್ಟಿಯ ಮುಂದೆ ಕೂರುವಾಗ ಚಳಿಗಾಲವಿರಲಿ, ಜ್ವರವಿರಲಿ, ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಳ್ಳುವುದು. "ಶೀತ ಆಗ್ತದಕ್ಕ, ತೆಗಿ" ಅಂದರೆ, "ಇದೊಂದು ನಂಗೆ ಗೊತ್ತಿರೋದು, ಬಿಡು" ಅನ್ನುತ್ತಿದ್ದಳು. ವಯಸ್ಸಾಯಿತು, ಏನೋ ಒಂದು ಅಂದುಕೊಂಡು ನಾವು ಸುಮ್ಮನಾದೆವು.

ವರ್ಷಗಳು ಹೋದವು. ಗಿಡ ಮರವಾಯಿತು, ದಾಕ್ಷಿಗೆ ಎರಡು ಮಕ್ಕಳಾದವು. ಮಡಿಕೆ ಹೊರಲು ಮಾತ್ರ ಯಾರೂ ಅವಳನ್ನು ಕರೆಯಲಿಲ್ಲ. ಸೆರಗಿಗೆ ಕಟ್ಟಿದ್ದ ಆ ಅಡಿಕೆ ಅವಳ ಡಬ್ಬಿಯಲ್ಲಿ ಒಂದೇ ಗಡಗಡ ಅನ್ನುತ್ತಿತ್ತು. ಈ ವರ್ಷ ಬೇಸಿಗೆಯಲ್ಲಿ ಹೊನ್ನೂರಕ್ಕ ಹಾಸಿಗೆ ಹಿಡಿದಳು. ಗಂಜಿ ಕುಡಿಸುವವಳು ರುದ್ರಾಣಮ್ಮ, ಬಟ್ಟೆ ಬದಲಿಸುವವಳು ದಾಕ್ಷಿ. ಒಂದು ಮಧ್ಯಾಹ್ನ ನಾನೂ ಸಿದ್ದಮ್ಮನೂ ಹೋಗಿದ್ದಾಗ ಅವಳು ದಾಕ್ಷಿಯ ಕೈ ಹಿಡಿದುಕೊಂಡಳು. ಉಸಿರು ಎಳೆಯುತ್ತಿತ್ತು.

"ಏನಾದ್ರೂ ಒಂದು ಹೇಳೇ ಹುಡುಗಿ. ಅವ್ನು ಬರೆದಿದ್ದೇ ಆಗಬೇಕು ಅಂತಿಲ್ಲ. ನಿನ್ನ ಬಾಯಿಂದ ಬಂದ್ರೆ ಅದೇ ನನ್ನ ಮೂರನೇ ಮಡಿಕೆ ಅನ್ಕೊಂತೀನಿ."

ಸಿದ್ದಮ್ಮ ಹಿಂದಿನಿಂದ ಸೊಸೆಯ ಬೆನ್ನು ತಿವಿದಳು. ಹೇಳೇ, ಹೋಗುವ ಜೀವ, ಒಂದು ಮಾತು ಹೇಳಿಬಿಡೇ ಅಂತ. ನಾನೂ ಮನಸ್ಸಿನಲ್ಲಿ ಅದನ್ನೇ ಅಂದೆ. ರುದ್ರಾಣಮ್ಮ ಒಬ್ಬಳು ಕೈಯಲ್ಲಿ ಗಂಜಿಯ ಲೋಟ ಹಿಡಿದುಕೊಂಡು ದಾಕ್ಷಿಯನ್ನೇ ನೋಡುತ್ತಿದ್ದಳು.

"ಇಲ್ಲ ಅಜ್ಜಿ" ಅಂದಳು ದಾಕ್ಷಿ. "ನನ್ನ ಹತ್ರ ಇಲ್ಲ. ಇದ್ದಿದ್ರೆ ಕೊಡ್ತಿರ್ಲಿಲ್ವಾ?"

"ಸರಿ. ನೀನು ಈಗ ನಮ್ಮೂರೋಳು" ಅಂದಳು ಹೊನ್ನೂರಕ್ಕ. ಅದು ಹೊಗಳಿದ್ದೋ ಬೈದಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ದನಿಯಲ್ಲಿ ಎರಡೂ ಇದ್ದವು. ಕೈಯನ್ನಂತೂ ಬಿಡಲಿಲ್ಲ. ಮಾರನೆಯ ದಿನ ಹೊತ್ತು ಏರುವ ಮೊದಲು ಹೋದಳು.

ತಾಯಿಯ ಮಣ್ಣಿನ ಪಕ್ಕದಲ್ಲಿ, ತಾನೇ ನೆಟ್ಟ ಮರದ ನೆರಳಲ್ಲಿ ಅವಳನ್ನು ಇಳಿಸಿದೆವು. ಊರು ನೆರೆದಿತ್ತು. ಮಣ್ಣು ಮುಚ್ಚಿದ ಮೇಲೆ ಮಡಿಕೆ ಬಿಡಬೇಕು. ನಾನು ನನ್ನದನ್ನು ಹೇಳಿದೆ. ಬಾಯಾರಿತ್ತು ಅನ್ನುವಲ್ಲಿ ನಿಲ್ಲಿಸಿ, ಇನ್ನೊಂದ್ಸಲ ಹೇಳು ಗಿರಣಿ ಅನ್ನುವ ದನಿಗೆ ಕಾದೆ. ಬಡೇಸಾಬರಿಗೆ ಈಗ ಹಲ್ಲಿಲ್ಲ. ಆದರೂ ಸುಣ್ಣದ ಗೂಡು, ಕೆಮ್ಮು, ಅಲ್ಲಿ ಸಿಗುವ ಮಂಡಕ್ಕಿ ಅಕ್ಕನ ಭಟ್ಟಿಯದರ ಹಾಗೆ ಅರಳುವುದಿಲ್ಲ ಅನ್ನುವುದು, ಹಳತಾದ ಸಿಟ್ಟು ಎಲ್ಲವನ್ನೂ ಒಂದು ಮಾತು ಬಿಡದೆ ಹೇಳಿ, "ಅದು ಹೋಗಬೇಕಂದ್ರೆ ನೀನು ಒಂದು ಮಾಡಬೇಕಕ್ಕಾ, ಏನಂದ್ರೆ" ಅಂತ ನಿಲ್ಲಿಸಿದರು.

"ಮೂರನೇ ಮಡಿಕೆ ಯಾರದು?" ಅಂತ ಹಿರಿಯರು ಕೇಳಿದರು. ಊರಿಗೆಲ್ಲ ಗೊತ್ತಿದ್ದರೂ ಕೇಳಬೇಕಾದ್ದು ಪದ್ಧತಿ.

"ನಂದು" ಅಂತ ದಾಕ್ಷಿ ಮುಂದೆ ಬಂದಳು. "ನನ್ನ ಹತ್ರ ಅವರ ತಮ್ಮನ ಮಾತಿಲ್ಲ. ಅಜ್ಜಿ ಮಾಡಿದ್ದು ಇದೆ. ಅಷ್ಟು ಹೇಳ್ತೀನಿ." ಯಾರೂ ಬೇಡ ಅನ್ನಲಿಲ್ಲ. ಅವಳು ಕೆಳಗೆ ನೋಡುತ್ತಾ, ತಡವರಿಸುತ್ತಾ ಹೇಳಿದಳು. "ಈ ಗಿಡ ನೆಟ್ರು. ತಪ್ಪು ನಂದೇ ಅಂತ ಸಂತೇಲಿ ಹೇಳಿದ್ರು. ಗೂಡಿನ ಊರಿಗೆ ಹೋಗಿ ಓಬಳೇಶಾ, ಮನೆಗೆ ಬಾರೋ ಅಂತ ಕರೆದ್ರು. ಕೋಳಿ ಸಾರು ಮಾಡಿದ್ರು. ಭಟ್ಟಿ ಎತ್ತಿ ಬಯಲಿಗೆ ಹಾಕಿದ್ರು. ಬಾಯಾರಿ ಬಂದವರು ಒಬ್ಬರನ್ನೂ ನೀರಿಲ್ಲದೆ ಕಳಿಸಲಿಲ್ಲ. ಬೆಂಕಿ ಮುಂದೆ ಕೂತಾಗೆಲ್ಲ ತಲೆ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡ್ರು, ಅದು ಯಾಕೆ ಅಂತ ನಂಗೆ ಗೊತ್ತಿಲ್ಲ. ಇನ್ನೂ ಏನೇನೋ ಮಾಡೋರಿದ್ರು. ಕೈಲಾಗಲಿಲ್ಲ."

ಓಬಳೇಶ ಕೇಳಿದ್ದು ಇದರಲ್ಲಿ ಯಾವುದೂ ಅಲ್ಲದೆ ಇರಬಹುದು. ಅಲ್ಲಿ ನಿಂತಿದ್ದ ನಮಗೆಲ್ಲ ಅದು ಗೊತ್ತಿತ್ತು. ಹಾಲಪ್ಪ ಮರದ ಬೊಡ್ಡೆಗೆ ಮುಖ ಹಚ್ಚಿ ನಿಂತಿದ್ದ. ರುದ್ರಾಣಮ್ಮನ ಸರದಿ ಬಂತು. ಎಂದೂ ಒಂದು ಮಾತು ತಿದ್ದದವಳು, ಗಂಟು ಮುಖ ಹಾಕಿಕೊಂಡು, ಜಗಳಕ್ಕೆ ನಿಂತ ದನಿಯಲ್ಲೇ ತನ್ನ ಮಡಿಕೆ ಬಿಟ್ಟಳು.

"ಅಷ್ಟು ಮಾಡಿದ್ರೆ ಸಾಕು ಅಕ್ಕಾ. ಆಮೇಲೆ ನನ್ನ ಹೊಟ್ಟೇಲಿ ಏನೂ ಇಲ್ಲ. ನೀನೂ ಏನೂ ಇಟ್ಕೋಬೇಡ. ಭಟ್ಟಿ ಮುಂದೆ ಕೂತಾಗ ತಲೆ ಮೇಲೆ ಒದ್ದೆ ಬಟ್ಟೆ ಹಾಕ್ಕೋ, ಮರೀಬೇಡ. ನಿನ್ನ ತಮ್ಮ."